ಕೀಮೋ ಯಾರನ್ನು ಕೊಲ್ಲುತ್ತದೆ, ಯಾರನ್ನು ಎಬ್ಬಿಸುತ್ತದೆ

"ಕೌಂಟ್ ಎಷ್ಟು ಬಂತು?" ಕ್ಯಾನ್ಸರ್ ಆಸ್ಪತ್ರೆಯ ಡೇ ಕೇರ್ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತವರ ನಡುವೆ ಮಾತು ಶುರುವಾಗುವುದೇ ಹೀಗೆ. ಬೆಳಿಗ್ಗೆ ಕೊಟ್ಟ ರಕ್ತದ ರಿಪೋರ್ಟು ಅಷ್ಟೊತ್ತಿಗೆ ಕೈಗೆ ಬಂದಿರುತ್ತದೆ. ಒಟ್ಟು ಬಿಳಿ ರಕ್ತಕಣ 1,800, ಅದರಲ್ಲಿ ನ್ಯೂಟ್ರೋಫಿಲ್ ಶೇಕಡ 22. ಮೊಬೈಲಿನಲ್ಲಿ ಲೆಕ್ಕ ಹಾಕಿ "396" ಎಂದು ಹೇಳುವಷ್ಟು ಪಳಗಿದ ಮಗಳೋ ಮೈದುನನೋ ಪ್ರತಿ ಮನೆಯಲ್ಲೂ ಒಬ್ಬರು ತಯಾರಾಗಿರುತ್ತಾರೆ. ಸಾವಿರ, ಒಂದೂವರೆ ಸಾವಿರ ದಾಟಿದ್ದರೆ ಡ್ರಿಪ್ ಏರುತ್ತದೆ. ಐನೂರಕ್ಕಿಂತ ಕೆಳಗೆ ಬಿದ್ದಿದ್ದರೆ ಈ ಸಲದ ಸೈಕಲ್ ಮುಂದಕ್ಕೆ ಹೋಯಿತು. ಜ್ವರ ಬಂದರೆ ಹಗಲು ರಾತ್ರಿ ನೋಡದೆ ಓಡಿ ಬನ್ನಿ ಎಂಬ ಎಚ್ಚರಿಕೆ ಬೇರೆ. ಅತ್ತ ಮನೆಯಲ್ಲಿ ನೋಡಲು ಬಂದ ನೆಂಟರು "ಕೀಮೋ ಕೊಟ್ಟರೆ ಇಮ್ಯುನಿಟಿ ಪೂರ್ತಿ ಹೋಗುತ್ತಂತೆ" ಎಂದು ಒಂದು ನಿಟ್ಟುಸಿರು ಬಿಟ್ಟು, ಅಮೃತಬಳ್ಳಿಯ ಕಷಾಯದ ವಿಧಾನ ಹೇಳಿ ಹೋಗುತ್ತಾರೆ.

ನೆಂಟರ ಮಾತಿಗೂ ವೈದ್ಯವಿಜ್ಞಾನ ದಶಕಗಳ ಕಾಲ ನಂಬಿಕೊಂಡು ಬಂದದ್ದಕ್ಕೂ ಅಂಥ ದೂರವೇನಿಲ್ಲ. ಕೀಮೊಥೆರಪಿ ವಿಷ; ಅದು ಬೇಗ ಬೇಗ ಒಡೆಯುವ ಕೋಶಗಳನ್ನೆಲ್ಲ ಕೊಲ್ಲುತ್ತದೆ; ಕ್ಯಾನ್ಸರ್ ಸಾಯುವುದು ಲಾಭ, ರಕ್ತಕಣ ಸಾಯುವುದು ನಷ್ಟ; ಲಾಭ ಬೇಕಾದವರು ನಷ್ಟ ಸಹಿಸಿಕೊಳ್ಳಬೇಕು. ಎರಡೂ ಕಡೆಯ ಲೆಕ್ಕ ಇಷ್ಟೇ. ಕಳೆದ ಇಪ್ಪತ್ತು ವರ್ಷಗಳ ಸಂಶೋಧನೆ ನೋಡಿದರೆ ಈ ಲೆಕ್ಕ ತಪ್ಪು ಎಂದೇ ನನ್ನ ವಾದ. ನಷ್ಟದ ಖಾತೆಯಲ್ಲಿ ಬರೆದಿಟ್ಟ ಕೋಶಗಳೇ ಹಲವು ರೋಗಿಗಳಲ್ಲಿ ಲಾಭವನ್ನೂ ತಂದುಕೊಡುತ್ತಿರುವಂತೆ ಕಾಣುತ್ತದೆ. ಹಾಗಿದ್ದ ಮೇಲೆ ಯಾವ ಔಷಧ, ಎಷ್ಟು, ಯಾವಾಗ ಎಂಬ ಪ್ರಶ್ನೆಗಳನ್ನು ಹೊಸದಾಗಿ ಕೇಳಬೇಕಾಗುತ್ತದೆ. ನಮ್ಮಂಥ ದೇಶಕ್ಕೆ ಆ ಪ್ರಶ್ನೆ ಇನ್ನೂ ಜರೂರು.

ಹಳೆಯ ಲೆಕ್ಕ ಹುಟ್ಟಿದ್ದು ಯುದ್ಧದಲ್ಲಿ. ಸಾಸಿವೆ ಅನಿಲಕ್ಕೆ ಸಿಕ್ಕಿ ಸತ್ತ ಸೈನಿಕರ ಅಸ್ಥಿಮಜ್ಜೆ ಬರಿದಾಗಿತ್ತೆಂದು ಮೊದಲ ಮಹಾಯುದ್ಧ ಮುಗಿದ ಹೊತ್ತಿಗೇ ವೈದ್ಯರು ಬರೆದಿದ್ದರು. 1943ರ ಡಿಸೆಂಬರ್ 2ರ ರಾತ್ರಿ ಇಟಲಿಯ ಬಾರಿ ಬಂದರಿನ ಮೇಲೆ ಜರ್ಮನ್ ವಿಮಾನಗಳು ಬಾಂಬ್ ಹಾಕಿದಾಗ ಅಲ್ಲಿ ನಿಂತಿದ್ದ 'ಜಾನ್ ಹಾರ್ವೆ' ಎಂಬ ಅಮೆರಿಕದ ಹಡಗಿನಲ್ಲಿ ಗುಟ್ಟಾಗಿ ತಂದಿಟ್ಟ ಸಾಸಿವೆ ಅನಿಲದ ಬಾಂಬುಗಳಿದ್ದವು. ಎಣ್ಣೆ ತೇಲುತ್ತಿದ್ದ ನೀರಿನಲ್ಲಿ ಈಜಿ ದಡ ಸೇರಿದ ಆರುನೂರಕ್ಕೂ ಹೆಚ್ಚು ಜನರಿಗೆ ಮೈ ಬೊಬ್ಬೆ ಎದ್ದಿತು, ಕಣ್ಣು ಮುಚ್ಚಿಹೋಯಿತು. ತನಿಖೆಗೆ ಬಂದ ಸೇನಾ ವೈದ್ಯ ಸ್ಟೀವರ್ಟ್ ಅಲೆಕ್ಸಾಂಡರ್ ಸತ್ತವರ, ಬದುಕಿದವರ ರಕ್ತ ನೋಡಿ ಬಿಳಿ ಕಣಗಳು ಪಾತಾಳಕ್ಕೆ ಇಳಿದದ್ದನ್ನು ದಾಖಲಿಸಿದ. ಅದಕ್ಕೂ ಒಂದು ವರ್ಷ ಮೊದಲೇ, 1942ರಲ್ಲಿ, ಯೇಲ್ ವಿಶ್ವವಿದ್ಯಾಲಯದ ಲೂಯಿ ಗುಡ್‌ಮನ್ ಮತ್ತು ಆಲ್ಫ್ರೆಡ್ ಗಿಲ್ಮನ್ ಇದೇ ರಾಸಾಯನಿಕದ ಸೋದರ ಸಂಬಂಧಿಯಾದ ನೈಟ್ರೋಜನ್ ಮಸ್ಟರ್ಡನ್ನು ದುಗ್ಧಗ್ರಂಥಿಯ ಕ್ಯಾನ್ಸರ್ ಇದ್ದ ಒಬ್ಬ ರೋಗಿಗೆ ಕೊಟ್ಟು ನೋಡಿದ್ದರು. ಗಡ್ಡೆಗಳು ಕರಗಿದವು, ಮತ್ತೆ ಬಂದವು, ರೋಗಿ ತೀರಿಕೊಂಡ. ಯುದ್ಧದ ಗುಟ್ಟೆಂದು ಮುಚ್ಚಿಟ್ಟ ಆ ಫಲಿತಾಂಶ ಅಚ್ಚಾದದ್ದು 1946ರಲ್ಲಿ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಈ ರಾಸಾಯನಿಕವನ್ನು ಅವರು ಆರಿಸಿಕೊಂಡದ್ದೇ ಅದು ಪ್ರತಿರಕ್ಷೆಯ ಕೋಶಗಳನ್ನು ಕೊಲ್ಲುತ್ತದೆ ಎಂಬ ಕಾರಣಕ್ಕೆ. ದುಗ್ಧಗ್ರಂಥಿಯ ಕ್ಯಾನ್ಸರೆಂದರೆ ಲಿಂಫೋಸೈಟುಗಳೆಂಬ ಬಿಳಿ ರಕ್ತಕಣಗಳೇ ದಾರಿ ತಪ್ಪಿದ್ದು. ಲಿಂಫೋಸೈಟುಗಳನ್ನು ಸುಡುವ ವಿಷ ಅದಕ್ಕೆ ಮದ್ದಾಯಿತು. ಆ ಒಂದು ರೋಗದ ತರ್ಕ ಮುಂದೆ ಸ್ತನ, ಶ್ವಾಸಕೋಶ, ಕರುಳಿನ ಕ್ಯಾನ್ಸರುಗಳಿಗೂ ಹಾಗೆಯೇ ಹಬ್ಬಿತು. ಬಿಳಿ ಕಣ ಬೀಳುವುದು ಔಷಧ ಕೆಲಸ ಮಾಡುತ್ತಿದೆ ಎಂಬುದಕ್ಕೆ ಗುರುತಾಯಿತು, ಮೆಲ್ಲನೆ ಗುರಿಯೂ ಆಯಿತು.

ಅದು ಎಲ್ಲಿಗೆ ಒಯ್ದು ಮುಟ್ಟಿಸಿತೆಂಬುದಕ್ಕೆ 1990ರ ದಶಕದ ಸ್ತನ ಕ್ಯಾನ್ಸರ್ ಚಿಕಿತ್ಸೆಯ ಕಥೆ ಸಾಕು. ಔಷಧದ ಪ್ರಮಾಣ ಏರಿಸಲು ಅಡ್ಡಿಯಾಗಿರುವುದು ಅಸ್ಥಿಮಜ್ಜೆ ಒಂದೇ ಎಂದಾದರೆ, ಮಜ್ಜೆಯ ಮೂಲಕೋಶಗಳನ್ನು ಮೊದಲೇ ತೆಗೆದು ಫ್ರೀಜರಿನಲ್ಲಿಟ್ಟು, ಮಾಮೂಲಿಗಿಂತ ಹಲವು ಪಟ್ಟು ಹೆಚ್ಚು ಕೀಮೋ ಕೊಟ್ಟು, ಕೊನೆಗೆ ಕೋಶಗಳನ್ನು ರೋಗಿಗೇ ವಾಪಸು ಏರಿಸಿದರಾಯಿತಲ್ಲ? ಕೇಳಲು ಎಷ್ಟು ಅಚ್ಚುಕಟ್ಟಾಗಿದೆ! ಅಮೆರಿಕದಲ್ಲಿ ಸಾವಿರಾರು ಹೆಂಗಸರು ಈ ಚಿಕಿತ್ಸೆ ಪಡೆದರು. ಖರ್ಚು ಕೊಡಲೊಲ್ಲದ ವಿಮಾ ಕಂಪನಿಗಳ ಮೇಲೆ ಕೋರ್ಟಿಗೆ ಹೋಗಿ ಗೆದ್ದವರಿದ್ದಾರೆ. 1999ರಲ್ಲಿ ಪರೀಕ್ಷೆಗಳ ಫಲಿತಾಂಶ ಬಂದಾಗ ಮಾಮೂಲಿ ಕೀಮೋಗಿಂತ ಆಯುಸ್ಸು ಹೆಚ್ಚಿದ್ದು ಕಾಣಲಿಲ್ಲ. ಕಣ್ಣು ಕೋರೈಸುವಂಥ ಲಾಭ ತೋರಿಸಿದ್ದು ಜೋಹಾನ್ಸ್‌ಬರ್ಗಿನ ವರ್ನರ್ ಬೆಜ್ವೋಡಾ ನಡೆಸಿದ ಅಧ್ಯಯನ ಒಂದೇ. 2000ನೇ ಇಸವಿಯ ಆರಂಭದಲ್ಲಿ ಅಮೆರಿಕದಿಂದ ಹೋದ ತಂಡ ಅಲ್ಲಿನ ದಾಖಲೆ ತೆಗೆದು ನೋಡಿದಾಗ ಅದು ಸುಳ್ಳು ಲೆಕ್ಕವೆಂದು ಬಯಲಾಯಿತು. ಆತ ಒಪ್ಪಿಕೊಂಡ. ಮೋಸ ಒಬ್ಬನದು ನಿಜ. ಆದರೆ ಆ ಮೋಸವನ್ನು ನಂಬಲು ಇಡೀ ಜಗತ್ತು ತುದಿಗಾಲಲ್ಲಿ ನಿಂತಿತ್ತು. "ಹೆಚ್ಚು ಕೊಂದರೆ ಹೆಚ್ಚು ಗುಣ" ಎಂಬ ಮಾತು ಅಷ್ಟು ಸಹಜವಾಗಿ ಹೋಗಿತ್ತು.

ಈ ಮಾತಿಗೆ ಇನ್ನೊಂದು ಮಗ್ಗುಲಿನಿಂದ ಏಟು ಬಿದ್ದದ್ದು ಪ್ಯಾರಿಸ್ ಪಕ್ಕದ ವಿಲ್‌ಝ್ಯುಯಿಫ್ ಎಂಬಲ್ಲಿ. ಅಲ್ಲಿನ ಗುಸ್ತಾವ್ ರೂಸಿ ಸಂಸ್ಥೆಯ ಲಾರಾನ್ಸ್ ಝಿಟ್‌ವೋಗೆಲ್, ಗಿಡೊ ಕ್ರೋಮರ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗ ಬಹಳ ಸರಳ. ಇಲಿಯ ಕರುಳಿನ ಕ್ಯಾನ್ಸರ್ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಡಾಕ್ಸೊರೂಬಿಸಿನ್ ಹಾಕಿ ಸಾಯಿಸಿದರು. ನಮ್ಮ ವಾರ್ಡುಗಳಲ್ಲಿ 'ಕೆಂಪು ಔಷಧಿ' ಎಂದು ರೋಗಿಗಳು ಹೆದರುವುದು ಇದಕ್ಕೇ. ಹಾಗೆ ಸಾಯುತ್ತಿದ್ದ ಕೋಶಗಳನ್ನು ಆರೋಗ್ಯವಂತ ಇಲಿಯ ಒಂದು ಪಕ್ಕೆಗೆ ಚುಚ್ಚಿದರು. ವಾರದ ಮೇಲೆ ಇನ್ನೊಂದು ಪಕ್ಕೆಗೆ ಜೀವಂತ ಕ್ಯಾನ್ಸರ್ ಕೋಶಗಳನ್ನು ಬಿಟ್ಟರು. ಹೆಚ್ಚಿನ ಇಲಿಗಳಲ್ಲಿ ಗಡ್ಡೆ ಕಟ್ಟಲೇ ಇಲ್ಲ. ಸತ್ತ ಕ್ಯಾನ್ಸರ್ ಕೋಶ ಲಸಿಕೆಯಂತೆ ಕೆಲಸ ಮಾಡಿತ್ತು. ಬೇರೆ ಕೆಲವು ಔಷಧಗಳಿಂದ ಸಾಯಿಸಿದ ಅದೇ ಕೋಶಗಳಿಗೆ ಈ ಗುಣವಿರಲಿಲ್ಲ. ಹುಟ್ಟಿನಿಂದಲೇ ಟಿ ಕೋಶಗಳೆಂಬ ಲಿಂಫೋಸೈಟುಗಳಿಲ್ಲದ ಇಲಿಗಳಲ್ಲಂತೂ ಕೀಮೋದ ಪರಿಣಾಮವೇ ಕುಗ್ಗಿಹೋಯಿತು.

ಹಾಗಾದರೆ ಕೋಶ ಸಾಯುವುದರಲ್ಲೂ ಎರಡು ಬಗೆ. ಒಂದು ಸದ್ದಿಲ್ಲದೆ ಸಾಯುತ್ತದೆ. ಇನ್ನೊಂದು ಊರಿಗೆಲ್ಲ ಕೇಳುವಂತೆ ಕೂಗಿಕೊಂಡು ಸಾಯುತ್ತದೆ. ಆ ಕೂಗು ಏನೆಂಬುದನ್ನೂ ಇದೇ ಗುಂಪು ಮುಂದಿನ ವರ್ಷಗಳಲ್ಲಿ ಬಿಡಿಸಿತು. ಸಾಯುವ ಮೊದಲೇ ಕ್ಯಾಲ್‌ರೆಟಿಕ್ಯುಲಿನ್ ಎಂಬ ಪ್ರೋಟೀನು ಕೋಶದ ಒಳಗಿನ ತನ್ನ ಜಾಗ ಬಿಟ್ಟು ಹೊರಮೈಗೆ ಬಂದು ಕೂರುತ್ತದೆ. ಪ್ರತಿರಕ್ಷೆಯ ಡೆಂಡ್ರೈಟಿಕ್ ಕೋಶಗಳು ಅದನ್ನು ಕಂಡು ಬಂದು ನುಂಗುತ್ತವೆ. ಕೋಶದ ಇಂಧನವಾದ ಎಟಿಪಿ ಹೊರಗೆ ಸೋರಿ ಅವನ್ನು ಹತ್ತಿರಕ್ಕೆ ಕರೆಯುತ್ತದೆ. ಕೊನೆಗೆ ಕೋಶಕೇಂದ್ರದಿಂದ ಎಚ್‌ಎಂಜಿಬಿ1 ಎಂಬ ಪ್ರೋಟೀನು ಹೊರಬಿದ್ದು, ನುಂಗಿದ್ದನ್ನು ಟಿ ಕೋಶಗಳಿಗೆ ತೋರಿಸುವಂತೆ ಮಾಡುತ್ತದೆ. ಅಲ್ಲಿಂದ ಮುಂದೆ ಅದೇ ಗುರುತಿನ ಕೋಶ ಎಲ್ಲಿದ್ದರೂ ಟಿ ಕೋಶ ಹುಡುಕಿಕೊಂಡು ಹೋಗಬಲ್ಲದು. ಸೋಜಿಗವೆಂದರೆ ಆಕ್ಸಾಲಿಪ್ಲಾಟಿನ್ ಈ ಕೂಗೆಬ್ಬಿಸುತ್ತದೆ. ಅದೇ ಪ್ಲಾಟಿನಂ ಮನೆತನದ ಸಿಸ್‌ಪ್ಲಾಟಿನ್ ಎಬ್ಬಿಸುವುದಿಲ್ಲ. ಇಬ್ಬರೂ ಡಿಎನ್‌ಎಗೆ ಏಟು ಹಾಕುವ ರೀತಿ ಹೆಚ್ಚುಕಡಿಮೆ ಒಂದೇ. ಕೊಲ್ಲುವ ಬಲ ಮಾತ್ರ ಅಳೆಯುವ ಹಳೆಯ ತಕ್ಕಡಿಯಲ್ಲಿ ಈ ವ್ಯತ್ಯಾಸ ಕಾಣಿಸುವುದೇ ಇಲ್ಲ.

ಇಲಿಯ ಮಾತು ಮನುಷ್ಯನಿಗೆ ಎಷ್ಟು ಸಲ್ಲುತ್ತದೆ? ಇಲ್ಲಿ ಹುಷಾರಾಗಿರಬೇಕು. ಪ್ರಯೋಗಶಾಲೆಯ ಇಲಿಯ ಗಡ್ಡೆ ನಾವೇ ನೆಟ್ಟದ್ದು, ಎರಡು ಮೂರು ವಾರದಲ್ಲಿ ಬೆಳೆದದ್ದು. ಮನುಷ್ಯನ ಗಡ್ಡೆ ವರ್ಷಗಟ್ಟಲೆ ಪ್ರತಿರಕ್ಷೆಯ ಕಣ್ಣು ತಪ್ಪಿಸಿ ಬೆಳೆಯುವುದನ್ನು ಕಲಿತು ಬಂದದ್ದು. ಇಲಿಯಲ್ಲೇ ಎಷ್ಟೋ ಫಲಿತಾಂಶ ಒಂದಕ್ಕೊಂದು ಎದುರು ನಿಲ್ಲುತ್ತವೆ. ಆದರೂ ಮನುಷ್ಯರಲ್ಲಿ ಸಿಕ್ಕ ಸುಳಿವುಗಳನ್ನು ತಳ್ಳಿಹಾಕುವಂತಿಲ್ಲ. ಜರ್ಮನಿಯ ಕಾರ್ಸ್ಟನ್ ಡೆಂಕರ್ಟ್ ಮತ್ತು ಸಂಗಡಿಗರು 2010ರಲ್ಲಿ, ಕೀಮೋ ಶುರುವಾಗುವ ಮುಂಚೆ ತೆಗೆದಿಟ್ಟ ಸಾವಿರಕ್ಕೂ ಹೆಚ್ಚು ಸ್ತನ ಕ್ಯಾನ್ಸರ್ ಬಯಾಪ್ಸಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಲಿಂಫೋಸೈಟುಗಳು ದಟ್ಟವಾಗಿ ಮುತ್ತಿಕೊಂಡಿದ್ದ ಗಡ್ಡೆಗಳಲ್ಲಿ ಸುಮಾರು ಶೇಕಡ 40ರಷ್ಟು ಕೀಮೋ ಮುಗಿಯುವ ಹೊತ್ತಿಗೆ ಹೇಳಹೆಸರಿಲ್ಲದೆ ಹೋಗಿದ್ದವು. ಲಿಂಫೋಸೈಟೇ ಇಲ್ಲದವುಗಳಲ್ಲಿ ಹಾಗಾದದ್ದು ಶೇಕಡ 10ಕ್ಕಿಂತ ಕಡಿಮೆ. ಇದಕ್ಕೆ ಒಂದು ತಕರಾರು ಉಂಟು: ಲಿಂಫೋಸೈಟು ಮುತ್ತುವ ಗಡ್ಡೆಗಳು ಬೇಗ ಬೆಳೆಯುವ ಜಾತಿಯವೇ ಆಗಿದ್ದು, ಆ ಕಾರಣಕ್ಕೇ ಕೀಮೋಗೆ ಬಗ್ಗಿರಬಹುದು. ತಕರಾರು ನ್ಯಾಯವಾದದ್ದು. ಆದರೂ, ಔಷಧದ ಪರಿಣಾಮ ಔಷಧವೊಂದರಿಂದಲೇ ತೀರ್ಮಾನವಾಗುತ್ತದೆ ಎಂದು ಹೇಳುವ ಧೈರ್ಯ ಇನ್ನು ಯಾರಿಗೂ ಉಳಿಯುವಂತಿಲ್ಲ.

ಇಮ್ಯುನೊಥೆರಪಿ ಬಂದಾಗ ಹಳೆಯ ಲೆಕ್ಕಕ್ಕೆ ಇನ್ನೊಂದು ಪರೀಕ್ಷೆ ಎದುರಾಯಿತು. ಟಿ ಕೋಶಗಳಿಗೆ ಕ್ಯಾನ್ಸರ್ ಹಾಕಿದ ಕಡಿವಾಣ ಬಿಚ್ಚುವ ಈ ಔಷಧಗಳ ಮೂಲ ಸಂಶೋಧನೆಗೆ ಜೇಮ್ಸ್ ಅಲಿಸನ್ ಮತ್ತು ತಸುಕು ಹೊಂಜೊ 2018ರಲ್ಲಿ ನೊಬೆಲ್ ಪಡೆದರು. ಟಿ ಕೋಶಗಳನ್ನೇ ನಂಬಿಕೊಂಡ ಔಷಧದ ಜೊತೆ ಟಿ ಕೋಶಗಳನ್ನು ಕೊಲ್ಲುವ ಔಷಧ ಕೊಡುವುದೆಂದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದಂತೆ ಎಂಬ ಅಳುಕು ಸಹಜವಾಗಿಯೇ ಇತ್ತು. ಅದೇ ವರ್ಷ ಪ್ರಕಟವಾದ ಕೀನೋಟ್-189 ಎಂಬ ಪರೀಕ್ಷೆಯಲ್ಲಿ, ಹರಡಿಹೋದ ಶ್ವಾಸಕೋಶದ ಕ್ಯಾನ್ಸರ್ ಇದ್ದವರಿಗೆ ಕೀಮೋ ಜೊತೆ ಪೆಂಬ್ರೊಲಿಜುಮ್ಯಾಬ್ ಎಂಬ ಇಂಥ ಔಷಧ ಕೊಟ್ಟು ನೋಡಿದರು. ಒಂದು ವರ್ಷದ ಕೊನೆಗೆ ಎರಡೂ ಪಡೆದವರಲ್ಲಿ ಶೇಕಡ 69 ಜನ, ಕೀಮೋ ಮಾತ್ರ ಪಡೆದವರಲ್ಲಿ ಶೇಕಡ 49 ಜನ ಬದುಕಿದ್ದರು. ಆ ಕೀಮೋ ಜೊತೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡೂ ಹೋಗಿರುತ್ತದೆ. ಅದೂ ಪ್ರತಿರಕ್ಷೆಯನ್ನು ತಗ್ಗಿಸುವಂಥದ್ದೇ. ಹಾಗಿದ್ದೂ ಜೋಡಿ ಗೆದ್ದಿತು.

ಇದಕ್ಕಿಂತ ವಿಚಿತ್ರ ಕಾರ್-ಟಿ ಚಿಕಿತ್ಸೆಯದು. ಮುಂಬೈ ಐಐಟಿ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ನೆಕ್ಸ್‌ಕಾರ್19 ಎಂಬ ಇಂಥ ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ನಮ್ಮ ದೇಶದಲ್ಲಿ ಅನುಮತಿ ಸಿಕ್ಕಿತು. ರೋಗಿಯ ಟಿ ಕೋಶಗಳನ್ನು ತೆಗೆದು, ಕ್ಯಾನ್ಸರ್ ಗುರುತಿಸುವಂತೆ ಅವನ್ನು ತಿದ್ದಿ, ಬೆಳೆಸಿ, ವಾಪಸು ಏರಿಸುತ್ತಾರೆ. ಏರಿಸುವ ಮುಂಚಿನ ಕೆಲವು ದಿನ ರೋಗಿಗೆ ಕೊಡುವುದೇನು? ಫ್ಲೂಡರಾಬಿನ್, ಸೈಕ್ಲೊಫಾಸ್ಫಮೈಡ್. ಎರಡೂ ಕೀಮೋ, ಎರಡನೆಯದಂತೂ ಬಾರಿ ಬಂದರಿನ ಆ ಸಾಸಿವೆ ಅನಿಲದ ನೇರ ವಂಶಸ್ಥ. ಮೈಯಲ್ಲಿರುವ ಹಳೆಯ ಲಿಂಫೋಸೈಟುಗಳನ್ನು ಕಡಿಮೆ ಮಾಡಿದರೆ ಹೊಸಬರಿಗೆ ಜಾಗ ಸಿಗುತ್ತದೆ, ಬೆಳವಣಿಗೆಗೆ ಬೇಕಾದ ಐಎಲ್-7, ಐಎಲ್-15ರಂಥ ರಾಸಾಯನಿಕಗಳಿಗೆ ಪೈಪೋಟಿ ತಪ್ಪುತ್ತದೆ, ಪ್ರತಿರಕ್ಷೆಯ ಕೈ ಹಿಡಿದು ನಿಲ್ಲಿಸುವ ರೆಗ್ಯುಲೇಟರಿ ಟಿ ಕೋಶಗಳೂ ತಗ್ಗುತ್ತವೆ. ಪ್ರತಿರಕ್ಷೆಯನ್ನು ಕಟ್ಟಲೆಂದೇ ಅದನ್ನು ಕೆಡವುವ ಕೆಲಸ ಇದು. "ಕೀಮೋ ಇಮ್ಯುನಿಟಿಯನ್ನು ಹಾಳು ಮಾಡುತ್ತದೆ" ಎಂಬ ಒಂದೇ ಸಾಲಿನಲ್ಲಿ ಇದನ್ನೆಲ್ಲ ಹಿಡಿಸಲು ಹೇಗೆ ಸಾಧ್ಯ?

ಇಷ್ಟು ಹೇಳಿದ ಮಾತ್ರಕ್ಕೆ ಕೌಂಟ್ ಬೀಳುವುದು ಸಣ್ಣ ಸಂಗತಿ ಎಂದಾಗುವುದಿಲ್ಲ. ಕೀಮೋ ಕೊಟ್ಟ ಏಳರಿಂದ ಹದಿನಾಲ್ಕು ದಿನದ ನಡುವೆ ನ್ಯೂಟ್ರೋಫಿಲ್ ತಳ ಮುಟ್ಟುತ್ತದೆ. ಆಗ ಬರುವ ಜ್ವರ ಕೆಲವೇ ತಾಸಿನಲ್ಲಿ ಜೀವ ತೆಗೆಯಬಲ್ಲದು. ಆಸ್ಪತ್ರೆ ಮುಟ್ಟಿದ ಒಂದು ತಾಸಿನೊಳಗೆ ಆಂಟಿಬಯಾಟಿಕ್ ರಕ್ತನಾಳ ಸೇರಬೇಕೆಂಬುದು ನಿಯಮ. ರಾಯಚೂರಿನ ಹಳ್ಳಿಯಿಂದ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಬರಬೇಕಾದವರಿಗೆ ಆ ಒಂದು ತಾಸು ಎಲ್ಲಿಂದ ಶುರುವಾಗುತ್ತದೆ? ಸಾಲದ್ದಕ್ಕೆ ನಮ್ಮ ಆಸ್ಪತ್ರೆಗಳಲ್ಲಿ ಈ ಜ್ವರಕ್ಕೆ ಕಾರಣವಾಗುವ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಮಾಮೂಲಿ ಆಂಟಿಬಯಾಟಿಕ್ಕಿಗೆ ಜಗ್ಗದವು. ರಕ್ತ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುವ ಮಕ್ಕಳಲ್ಲಿ ರೋಗದಿಂದಲ್ಲದೆ ಸೋಂಕಿನಿಂದ ತೀರಿಕೊಳ್ಳುವವರ ಪಾಲು ಶ್ರೀಮಂತ ದೇಶಗಳಿಗಿಂತ ಇಲ್ಲಿ ಹೆಚ್ಚು. ಅಲ್ಲಿನ ಡೋಸನ್ನು ಹಾಗೆಯೇ ಇಲ್ಲಿಗೆ ತಂದು ಸುರಿದರೆ ಅಲ್ಲಿನ ಫಲವೇ ಸಿಗುತ್ತದೆಂಬ ಖಾತ್ರಿ ಇಲ್ಲ.

ರಿಪೋರ್ಟಿನಲ್ಲಿ ಯಾರೂ ಕಣ್ಣು ಹಾಯಿಸದ ಸಾಲೊಂದಿದೆ: ಲಿಂಫೋಸೈಟ್. ಗ್ರೋತ್ ಫ್ಯಾಕ್ಟರ್ ಇಂಜೆಕ್ಷನ್ ಕೊಟ್ಟರೆ ಏರುವುದು ನ್ಯೂಟ್ರೋಫಿಲ್. ಅದು ಏರಿತೆಂದು ಮನೆಯವರು ನಿರಾಳವಾಗುತ್ತಾರೆ, ಸೈಕಲ್ ಮುಂದುವರಿಯುತ್ತದೆ. ಲಿಂಫೋಸೈಟಿನ ದಾರಿ ಬೇರೆ. ಟಿ ಕೋಶಗಳು ಪಳಗುವ ಥೈಮಸ್ ಗ್ರಂಥಿ ವಯಸ್ಸಾದಂತೆ ಬತ್ತುತ್ತ ಹೋಗುತ್ತದೆ. ಮಕ್ಕಳಲ್ಲಿ ಬೇಗ ತುಂಬಿಬರುವ ಸಿಡಿ4 ಟಿ ಕೋಶಗಳು ದೊಡ್ಡವರಲ್ಲಿ ಕುಂಟುತ್ತ ಬರುತ್ತವೆ. ಸ್ತನ ಕ್ಯಾನ್ಸರಿಗೆ ಕೀಮೋ ಪಡೆದ ಬ್ರಿಟನ್ನಿನ ಮಹಿಳೆಯರನ್ನು ಗಮನಿಸಿದ 2016ರ ಅಧ್ಯಯನವೊಂದರಲ್ಲಿ ಚಿಕಿತ್ಸೆ ಮುಗಿದ ಒಂಬತ್ತು ತಿಂಗಳ ಮೇಲೂ ಬಿ ಕೋಶಗಳು, ಸಿಡಿ4 ಕೋಶಗಳು ಮೊದಲಿನ ಮಟ್ಟ ಮುಟ್ಟಿರಲಿಲ್ಲ. ಕೂದಲು ಬಂತು, ಊಟ ಸೇರಿತು, ಇನ್ನೇನು ಎಲ್ಲ ಸರಿಹೋಯಿತು ಎಂದುಕೊಂಡ ಕಾಲವದು. ನಮ್ಮಲ್ಲಿ ಎಷ್ಟು ಜನರ ಡಿಸ್ಚಾರ್ಜ್ ಚೀಟಿಯಲ್ಲಿ ಫ್ಲೂ, ನ್ಯುಮೋನಿಯಾ ಲಸಿಕೆಗಳ ಮಾತಿರುತ್ತದೆ? ಆ ಖಾಲಿ ಜಾಗವನ್ನೇ ಕಷಾಯ ತುಂಬುತ್ತದೆ. ಇಮ್ಯುನಿಟಿ ಹೆಚ್ಚಿಸಲೆಂದು ಅಮೃತಬಳ್ಳಿ ಕುಡಿದವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳನ್ನು 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದ್ದರು. ಮೊದಲೇ ಕೀಮೋ ಔಷಧಗಳನ್ನು ಕರಗಿಸುತ್ತ ದಣಿದ ಯಕೃತ್ತಿಗೆ ಅದನ್ನೂ ಸೇರಿಸುವುದು ಜಾಣತನವಲ್ಲ. ಇಷ್ಟಕ್ಕೂ ಪ್ರತಿರಕ್ಷೆಯೆಂಬುದು ಏರಿಸಿ ಇಳಿಸುವ ಒಂದೇ ಅಳತೆಯಲ್ಲ. ಅದರ ಕೆಲವು ಕೋಶಗಳು ಗಡ್ಡೆಯನ್ನು ಕಾಯುವ ಕಾವಲುಗಾರರೂ ಆಗಿರುತ್ತವೆ.

ಹಾಗಾಗಿ ಡೋಸಿನ ಪ್ರಶ್ನೆಗೆ ಬರೋಣ. ಮೆಥೊಟ್ರೆಕ್ಸೇಟ್ ಎಂಬ ಮಾತ್ರೆಯನ್ನೇ ತೆಗೆದುಕೊಳ್ಳಿ. ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ತಯಾರಿಸಿದ ಔಷಧಗಳ ಸಾಲಿನದು ಇದು. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟು, 1948ರಲ್ಲಿ ವರದಿ ಮಾಡಿದಂತೆ, ಮೊದಲ ಬಾರಿ ಉಪಶಮನ ಕಂಡದ್ದು ಇದೇ ಸಾಲಿನ ಅಮಿನೊಪ್ಟೆರಿನ್‌ನಿಂದ. ಭಾರಿ ಪ್ರಮಾಣದಲ್ಲಿ ಮೆಥೊಟ್ರೆಕ್ಸೇಟ್ ಕೀಮೋ. ವಾರಕ್ಕೊಮ್ಮೆ ಕೆಲವು ಮಿಲಿಗ್ರಾಂ ಕೊಟ್ಟರೆ ಸಂಧಿವಾತದಲ್ಲಿ ಕೆರಳಿದ ಪ್ರತಿರಕ್ಷೆಗೆ ಶಮನ. ಮುಂಬೈಯ ಟಾಟಾ ಮೆಮೋರಿಯಲ್ ವೈದ್ಯರು ಸಂಧಿವಾತದ ಆ ಪ್ರಮಾಣದ ಆಸುಪಾಸಿನಲ್ಲೇ ಇದನ್ನು ಸೆಲೆಕಾಕ್ಸಿಬ್ ಎಂಬ ನೋವಿನ ಮಾತ್ರೆಯೊಂದಿಗೆ, ಗುಣವಾಗುವ ಹಂತ ದಾಟಿದ ಬಾಯಿ ಮತ್ತು ಗಂಟಲಿನ ಕ್ಯಾನ್ಸರಿಗೆ ಕೊಟ್ಟರು. ಇನ್ನೊಂದು ಗುಂಪಿಗೆ ಮೂರು ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಡ್ರಿಪ್. 422 ರೋಗಿಗಳ ಈ ಪರೀಕ್ಷೆಯ ಫಲಿತಾಂಶ 2020ರಲ್ಲಿ ಬಂತು: ಮಾತ್ರೆಯವರ ಮಧ್ಯಾಂಕ ಬದುಕು (ಅರ್ಧದಷ್ಟು ಜನ ದಾಟಿದ ಅವಧಿ) ಏಳೂವರೆ ತಿಂಗಳು, ಡ್ರಿಪ್ಪಿನವರದು ಆರು ತಿಂಗಳ ಮೇಲೆ ಸ್ವಲ್ಪ. ತೀವ್ರ ಅಡ್ಡಪರಿಣಾಮವೂ ಮಾತ್ರೆಯವರಲ್ಲೇ ಕಡಿಮೆ. ತಂಬಾಕು, ಗುಟ್ಕಾ ತಿನ್ನುವ ನಮ್ಮ ನಾಡಿನಲ್ಲಿ ಬಾಯಿ ಕ್ಯಾನ್ಸರ್ ಎಷ್ಟೆಂದು ಹೇಳಬೇಕಾಗಿಲ್ಲ. ಈ ಸಣ್ಣ ಡೋಸು ರಕ್ತನಾಳ ಬೆಳೆಯದಂತೆ ತಡೆದು ಕೆಲಸ ಮಾಡುತ್ತದೋ, ಪ್ರತಿರಕ್ಷೆಯ ಮೂಲಕವೋ, ಎರಡೂ ಸೇರಿಯೋ ಎಂಬ ಚರ್ಚೆ ಮುಗಿದಿಲ್ಲ.

ಅದೇ ಆಸ್ಪತ್ರೆಯ ವಿಜಯ್ ಪಾಟೀಲ್, ವನಿತಾ ನೊರೊನ್ಹಾ, ಕುಮಾರ್ ಪ್ರಭಾಶ್ ಮುಂತಾದವರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಇಂಥ ಮಾತ್ರೆಗಳ ಜೊತೆ ಮೂರು ವಾರಕ್ಕೊಮ್ಮೆ ಬರೇ 20 ಮಿಲಿಗ್ರಾಂ ನಿವೊಲುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧ. ಮಾಮೂಲಿ ಡೋಸು ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ. 151 ರೋಗಿಗಳಲ್ಲಿ ಮಾತ್ರೆ ಮಾತ್ರ ಪಡೆದವರಲ್ಲಿ ಒಂದು ವರ್ಷ ಬದುಕಿದವರು ಶೇಕಡ 16. ನಿವೊಲುಮ್ಯಾಬ್ ಸೇರಿದವರಲ್ಲಿ ಶೇಕಡ 43. ಇದು ಒಂದೇ ಆಸ್ಪತ್ರೆಯ ಅಧ್ಯಯನ, ಪೂರ್ಣ ಡೋಸಿನೊಂದಿಗೆ ನೇರ ಹೋಲಿಕೆ ಇದರಲ್ಲಿ ಇಲ್ಲ ಎಂಬುದನ್ನು ಮರೆಯಬಾರದು.

"ಬಡವರಿಗೆ ಅರೆಪಾವು ಔಷಧಿ" ಎಂದು ಇದನ್ನು ಹೀಗಳೆಯುವವರಿದ್ದಾರೆ. ಆ ಸಿಟ್ಟಿನಲ್ಲಿ ನ್ಯಾಯವಿಲ್ಲವೆಂದಲ್ಲ. ಬಡವರ ಮೇಲೆ ಅಗ್ಗದ ಪ್ರಯೋಗ ನಡೆಸಿದ ಇತಿಹಾಸ ವೈದ್ಯಕೀಯಕ್ಕಿದೆ. ಆದರೆ ಈ ಟೀಕೆ ನಿಂತಿರುವುದು ಹೆಚ್ಚು ಕೊಟ್ಟರೆ ಹೆಚ್ಚು ಫಲ ಎಂಬ ಅದೇ ಹಳೆಯ ನಂಬಿಕೆಯ ಮೇಲೆ. ನಿವೊಲುಮ್ಯಾಬ್ ಕೊಲ್ಲುವ ಔಷಧವಲ್ಲ, ಟಿ ಕೋಶದ ಮೇಲಿನ ಪಿಡಿ-1 ಎಂಬ ಕೊಂಡಿಗೆ ಅಂಟಿ ಕೂರುವಂಥದ್ದು. ದೇಹದ ತೂಕದ ಕೆಜಿಗೆ 0.3 ಮಿಲಿಗ್ರಾಂ ಕೊಟ್ಟರೂ 10 ಮಿಲಿಗ್ರಾಂ ಕೊಟ್ಟರೂ ತುಂಬಿದ ಕೊಂಡಿಗಳ ಪಾಲು ಹೆಚ್ಚುಕಡಿಮೆ ಒಂದೇ ಎಂದು ಮೊದಮೊದಲ ಮಾನವ ಪರೀಕ್ಷೆಗಳೇ ತೋರಿಸಿದ್ದವು. ತುಂಬಿದ ಕೊಂಡಿಯ ಮೇಲೆ ಮತ್ತಷ್ಟು ಸುರಿದರೆ ಬಿಲ್ಲು ಏರುತ್ತದೆ. ಪೂರ್ಣ ಡೋಸಿನ ಖರ್ಚು ತಿಂಗಳಿಗೆ ಲಕ್ಷಗಳಲ್ಲಿ ಹೋಗುವಾಗ, ಅದನ್ನು ಭರಿಸಲಾಗದವರಿಗೆ ಉಳಿಯುವ ಆಯ್ಕೆ ಬರಿಗೈ. ಆ ಬರಿಗೈಯ ಜೊತೆಗೇ 20 ಮಿಲಿಗ್ರಾಮನ್ನು ಹೋಲಿಸಬೇಕು.

240ನ್ನೂ 20ನ್ನೂ ಎದುರುಬದುರು ಇಟ್ಟು ನೋಡುವ ದೊಡ್ಡ ಪರೀಕ್ಷೆಗೆ ಔಷಧ ಕಂಪನಿ ಹಣ ಹಾಕಲಾರದು; ಫಲ ಸಮವಾಗಿ ಬಂದರೆ ಮುಳುಗುವುದು ಅದರದೇ ವ್ಯಾಪಾರ. ಯಾವ ಕೀಮೋ ನಂತರ ಎಷ್ಟು ದಿನಕ್ಕೆ ಇಮ್ಯುನೊಥೆರಪಿ ಕೊಡಬೇಕು, ವಾಂತಿ ತಡೆಯಲು ಕೊಡುವ ಸ್ಟೀರಾಯ್ಡನ್ನು ಎಷ್ಟು ತಗ್ಗಿಸಬಹುದು, ಮುಗಿದ ಮೇಲೆ ಲಿಂಫೋಸೈಟು ಮೇಲೇಳಲು ನಮ್ಮ ಜನರಲ್ಲಿ ಎಷ್ಟು ಕಾಲ ಹಿಡಿಯುತ್ತದೆ ಎಂಬ ಪ್ರಶ್ನೆಗಳ ಗತಿಯೂ ಅಷ್ಟೇ. 1973ರಿಂದ ನಡೆದುಬಂದಿರುವ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಸರ್ಕಾರಿ ಸಂಸ್ಥೆಗಳಲ್ಲಿ ಇದಕ್ಕೆ ಬೇಕಾದಷ್ಟು ರೋಗಿಗಳೂ ಇದ್ದಾರೆ, ಕೌಂಟ್ ನೋಡುವ ಲ್ಯಾಬೂ ಇದೆ. ಪ್ರತಿ ಸೈಕಲಿಗೆ ಬರೆದಿಡುವ ಆ ರಿಪೋರ್ಟುಗಳಲ್ಲಿ ಲಿಂಫೋಸೈಟಿನ ಸಾಲನ್ನೂ ಗಮನಿಸಿ ವರ್ಷಗಟ್ಟಲೆ ಹಿಂಬಾಲಿಸುವ ಕೆಲಸಕ್ಕೆ ಹೊಸ ಯಂತ್ರ ಬೇಕಿಲ್ಲ. ಅದಕ್ಕೆಂದೇ ಕೂತು ಬರೆಯುವ ಇಬ್ಬರು ಮೂವರ ಸಂಬಳವನ್ನು ಬಜೆಟ್ಟಿನಲ್ಲಿ ತೋರಿಸಿದರೆ ಶುರು ಮಾಡಬಹುದು.